ಸೊನ್ನೆಯಿಂದ ಗಂಡಸಿನ ವಾರ್ಡ್‌ರೋಬ್: ಆಷಾಢದಿಂದ ಕಾರ್ತಿಕದವರೆಗಿನ ಲಾಗ್

ಶುಗರ್ ಇದೆ ಅಂತ ಗೊತ್ತಾದ್ಮೇಲೆ ಅನ್ನ ಕಮ್ಮಿ ಮಾಡಿ ವಾಕಿಂಗ್ ಹಿಡಿದೆ, ತೂಕ ಇಳೀತು, ಅದೇನೋ ಒಳ್ಳೇದೇ, ಆದ್ರೆ ಕಪಾಟಲ್ಲಿದ್ದ ಒಂದು ಬಟ್ಟೆನೂ ಮೈ ಮೇಲೆ ನಿಲ್ಲದ ಹಾಗಾಯ್ತು. ಶರ್ಟಿನ ಭುಜ ತೋಳಿನ ಮೇಲೆ ಇಳೀತಿತ್ತು, ಪ್ಯಾಂಟಿಗೆ ಬೆಲ್ಟ್ ಬಿಗಿದ್ರೆ ಮುಂದುಗಡೆ ಅಕ್ಕಿ ಮೂಟೆ ಬಾಯಿ ಕಟ್ಟಿದ ಹಾಗೆ ನೆರಿಗೆ. ಆಲ್ಟ್ರೇಷನ್ ಮಾಡಿಸೋಣ ಅಂದ್ರೆ ಅದಕ್ಕೂ ಒಂದು ಮಿತಿ ಇದೆ, ಸೊಂಟದಲ್ಲಿ 2 ಇಂಚಿಗಿಂತ ಜಾಸ್ತಿ ಒಳಗೆ ತಗೊಂಡ್ರೆ ಹಿಂದಿನ ಎರಡು ಜೇಬೂ ಹತ್ತಿರ ಹತ್ತಿರ ಬಂದು ನೋಡೋಕೆ ಅಸಹ್ಯ ಆಗತ್ತೆ. ಹಾಗಾಗಿ ಹಳೇದೆಲ್ಲ ಕೊಟ್ಟು ಸೊನ್ನೆಯಿಂದ ಶುರು ಮಾಡೋಣ ಅಂತ ತೀರ್ಮಾನ ಮಾಡಿದೆ. ನಾನಿರೋದು ಬೆಂಗಳೂರಲ್ಲಿ, ವಯಸ್ಸು ನಲವತ್ತರ ಹತ್ತಿರ, ಐಟಿ ಕೆಲಸ, ಬಣ್ಣ ಕಪ್ಪು, ಎತ್ತರ ಸಾಧಾರಣ, ಮಾಡೆಲ್ ಅಂತೂ ಅಲ್ಲ. ಇದೇ ಥರ ಶುರು ಮಾಡೋರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ.

ಬಟ್ಟೆ ಅಂಗಡಿಗೆ ಕಾಲಿಡೋ ಮುಂಚೆ ನಾನು ನಿಜವಾಗ್ಲೂ ಎಲ್ಲೆಲ್ಲಿಗೆ ಹೋಗ್ತೀನಿ ಅಂತ ಒಂದು ಹಾಳೆ ಮೇಲೆ ಬರೆದೆ. ವಾರದಲ್ಲಿ ಅರ್ಧಕ್ಕೂ ಹೆಚ್ಚು ಆಫೀಸು, ಉಳಿದಿದ್ದು ಮನೆ, ತರಕಾರಿ, ಮಗಳ ಸ್ಕೂಲು, ತಿಂಗಳಿಗೊಂದು ಮದುವೆನೋ ಗೃಹಪ್ರವೇಶನೋ, ಆಮೇಲೆ ಊರಿಗೆ ಬಸ್ಸು. ಪಾರ್ಟಿ ಅಂತ ಒಂದೂ ಇಲ್ಲ, ಆದ್ರೂ ಹಳೇ ಕಪಾಟಲ್ಲಿ ಮಿನುಗೋ ಕಪ್ಪು ಶರ್ಟ್ ಮೂರಿದ್ವು, ಯಾಕೆ ಅಂತ ದೇವ್ರಿಗೇ ಗೊತ್ತು. ಹಾಳೆ ನೋಡಿ ಲೆಕ್ಕ ಹಾಕಿದ್ರೆ ಬೇಕಾಗಿದ್ದು ಇಷ್ಟೇ: ಆಫೀಸಿಗೆ ಫುಲ್ ತೋಳಿನ ಶರ್ಟ್ 5, ಪ್ಯಾಂಟ್ 4, ಖಾದಿ ಇಲ್ಲಾ ಕೈಮಗ್ಗದ ಶರ್ಟ್ 2, ಒಂದು ಜೀನ್ಸ್, ನಾಲ್ಕು ಪ್ಲೇನ್ ಟೀ ಶರ್ಟ್, ಪಂಚೆ 2, ಒಂದು ಕೋಟು, ಶೂ ಎರಡು ಜೊತೆ, ಚಪ್ಪಲಿ ಒಂದು ಜೊತೆ. ಇದ್ರಲ್ಲಿ ಟೀ ಶರ್ಟ್, ಜೀನ್ಸ್, ಕೋಟು ರೆಡಿಮೇಡ್, ಶರ್ಟು ಪ್ಯಾಂಟೆಲ್ಲ ಹೊಲಿಸೋದು.

ಆಷಾಢ: ಸ್ಯಾಂಪಲ್ ಶರ್ಟ್

ಎಲ್ರೂ ಆಷಾಢ ಸೇಲ್ ಅಂತ ಮಾಲ್‌ಗೆ ಓಡ್ತಾರೆ, ನನ್ನ ಪ್ರಕಾರ ಆಷಾಢದಲ್ಲಿ ಹೋಗ್ಬೇಕಾಗಿರೋದು ಟೈಲರ್ ಹತ್ರ. ಮದುವೆ ಇಲ್ಲ, ಮುಂಜಿ ಇಲ್ಲ, ಕಟಿಂಗ್ ಮಾಸ್ಟ್ರು ಟೀ ಕುಡಿದು ಪೇಪರ್ ಓದ್ತಾ ಕೂತಿರ್ತಾರೆ, ನಿಮ್ಮ ಜೊತೆ ಅರ್ಧ ಗಂಟೆ ಭುಜದ ಬಗ್ಗೆ ಮಾತಾಡೋಕೆ ಅವರಿಗೆ ಪುರುಸೊತ್ತಿರತ್ತೆ. ಶ್ರಾವಣ ಬಂತು ಅಂದ್ರೆ ವರಮಹಾಲಕ್ಷ್ಮಿ, ಗೌರಿ ಗಣೇಶ, ದಸರಾ, ದೀಪಾವಳಿ ಅಂತ ಸಾಲಾಗಿ ಬರತ್ತೆ, ಆಗ ಹೋದ್ರೆ ಟೇಪ್ ಎಳೆದು ನಂಬರ್ ಬರ್ಕೊಂಡು ಕಳಿಸ್ತಾರೆ ಅಷ್ಟೇ.

ನಮ್ಮ ಏರಿಯಾದ ಮಾಸ್ಟ್ರಿಗೆ ಅರವತ್ತು ದಾಟಿದೆ, ಒಂದು ಮೆಷಿನ್ನು ಒಬ್ಬ ಹುಡುಗ ಅಷ್ಟೇ ಅಂಗಡಿ. "ಮಾಸ್ಟ್ರೇ, ಐದು ಶರ್ಟ್ ಹೊಲಿಸ್ಬೇಕು, ಆದ್ರೆ ಮೊದಲು ಒಂದು ಸ್ಯಾಂಪಲ್ ಹೊಲೀರಿ, ಅದು ಸರಿ ಹೋದ್ಮೇಲೆ ಪೇಪರ್ ಕಟಿಂಗ್ ಮಾಡಿ ಇಟ್ಕೊಳಿ, ಐದೂ ಅದ್ರ ಮೇಲೇ ಕತ್ತರಿಸಿ" ಅಂದೆ. ಅವರು ಕನ್ನಡಕದ ಮೇಲಿಂದ ನೋಡಿ "ಪೇಪರ್ ಕಟಿಂಗ್ ಎಲ್ಲ ಬ್ಲೌಸಿಗೆ ಸಾರ್, ಶರ್ಟಿಗೆ ನಾವು ನೇರ ಬಟ್ಟೆ ಮೇಲೇ ಚಾಕ್ ಹಾಕೋದು" ಅಂದ್ರು. ಪೇಪರ್‌ಗೂ ದುಡ್ಡು ಕೊಡ್ತೀನಿ ಅಂದ್ಮೇಲೆ ಒಪ್ಕೊಂಡ್ರು. ಇಡೀ ಪ್ರಾಜೆಕ್ಟಲ್ಲಿ ನಾನು ಹಠ ಹಿಡಿದ ಒಂದೇ ವಿಷಯ ಇದು, ಉಳಿದಿದ್ದಕ್ಕೆಲ್ಲ ಮಾಸ್ಟ್ರು ಹೇಳಿದ್ದೇ ಸರಿ. ಯಾಕಂದ್ರೆ ಅಳತೆ ಪುಸ್ತಕದಲ್ಲಿ ಇರೋದು ಏಳೆಂಟು ನಂಬರು, ಎದೆ 38, ಭುಜ 17, ತೋಳು 24 ಅಂತ. ಅದೇ ನಂಬರಿನ ಇಬ್ಬರು ಗಂಡಸರ ಮೈ ಒಂದೇ ಥರ ಇರಲ್ಲ. ಒಬ್ಬನ ಭುಜ ಇಳಿಜಾರು, ಇನ್ನೊಬ್ಬನದು ಚಪ್ಪಟೆ, ಒಬ್ಬ ಲ್ಯಾಪ್‌ಟಾಪ್ ಮುಂದೆ ಬಗ್ಗಿ ಬಗ್ಗಿ ಬೆನ್ನು ಗೂನಾಗಿರ್ತಾನೆ. ಇದ್ಯಾವುದೂ ಪುಸ್ತಕಕ್ಕೆ ಬರಲ್ಲ, ಪೇಪರ್ ಮೇಲೆ ಬರತ್ತೆ.

ಸ್ಯಾಂಪಲ್‌ಗೆ ಚಿಕ್ಕಪೇಟೆ ಕಟ್ ಪೀಸ್ ಅಂಗಡಿಯಿಂದ ಸಾದಾ ಬಿಳಿ ಪಾಪ್ಲಿನ್ ತಂದೆ. ಬಿಳಿನೇ ಯಾಕಂದ್ರೆ ಸುಕ್ಕು ಎಲ್ಲಿ ಬೀಳತ್ತೆ ಅಂತ ಬಿಳಿ ಮೇಲೆ ಚೆನ್ನಾಗಿ ಕಾಣತ್ತೆ, ಚೆಕ್ಸ್ ಮೇಲೆ ಎಲ್ಲ ಮುಚ್ಚಿ ಹೋಗತ್ತೆ. ಹೊಲಿದು ಬಂದಿದ್ದನ್ನ ಹಾಕ್ಕೊಂಡು ಕನ್ನಡಿ ಮುಂದೆ ನಿಂತು ಹೆಂಡತಿ ಹತ್ರ ಮುಂದೆ, ಹಿಂದೆ, ಪಕ್ಕ ಫೋಟೋ ತೆಗೆಸ್ಕೊಂಡೆ (ಕೈ ಇಳಿಬಿಟ್ಟು ಸುಮ್ನೆ ನಿಲ್ಲಬೇಕು, ಹೊಟ್ಟೆ ಒಳಗೆ ಎಳ್ಕೊಂಡು ನಿಂತ್ರೆ ಪ್ರಯೋಜನ ಇಲ್ಲ). ಫೋಟೋದಲ್ಲಿ ಕಂಡಿದ್ದು: ಕಾಲರ್ ಬುಡದಿಂದ ಬಲಗಡೆ ಕಂಕುಳ ಕಡೆಗೆ ಓರೆಯಾಗಿ ಒಂದು ಸುಕ್ಕು. ಮಾಸ್ಟ್ರು ಫೋಟೋ ನೋಡಿದ ತಕ್ಷಣ "ನಿಮ್ಮ ಬಲಭುಜ ಇಳಿದಿದೆ ಸಾರ್, ಬ್ಯಾಗ್ ಅದೇ ಕಡೆ ಹಾಕ್ತೀರಾ?" ಅಂದ್ರು. ಹೌದು, ಅದೇ ಕಡೆ. ಅದಕ್ಕೆ ಮದ್ದು ಸಿಂಪಲ್ಲು, ಆ ಕಡೆ ಭುಜದ ಇಳಿಜಾರನ್ನ ಕಾಲು ಇಂಚು ಜಾಸ್ತಿ ಇಳಿಸಿ ಕಂಕುಳ ಸುತ್ತನ್ನೂ ಅಷ್ಟೇ ಕೆಳಗೆ ಸರಿಸೋದು. ಆಮೇಲೆ ಬೆನ್ನಲ್ಲಿ ಗಾಳಿ ತುಂಬಿದ ಹಾಗೆ ಉಬ್ಬಿತ್ತು, ಎರಡು ಡಾರ್ಟ್ (ಬಟ್ಟೆನ ಒಳಗೆ ಮಡಿಚಿ ಹಾಕೋ ಚೂಪು ಹೊಲಿಗೆ) ಹಾಕಿದ್ರು. ಬಲಗಡೆಯ ಆ ಕಾಲು ಇಂಚು ವ್ಯತ್ಯಾಸ ಹಾಗೇ ಇಟ್ಟು, ಎರಡೂ ಕಡೆ ಕಂಕುಳ ಸುತ್ತು ಒಟ್ಟಾರೆ ಸ್ವಲ್ಪ ಮೇಲೆ ಏರಿಸೋಕೆ ಹೇಳಿದೆ. ಇದು ತುಂಬಾ ಜನಕ್ಕೆ ಉಲ್ಟಾ ಅನ್ಸತ್ತೆ, ಕಂಕುಳು ದೊಡ್ಡದಿದ್ರೆ ಆರಾಮ ಅಂದ್ಕೊಳ್ತಾರೆ, ಆದ್ರೆ ದೊಡ್ಡದಿದ್ರೆ ಬಸ್ಸಲ್ಲಿ ಮೇಲಿನ ಕಂಬಿ ಹಿಡಿದಾಗ ಇಡೀ ಶರ್ಟ್ ಪ್ಯಾಂಟಿಂದ ಆಚೆ ಬರತ್ತೆ, ಮೈಗೆ ಹತ್ತಿರ ಇದ್ರೆ ತೋಳು ಮಾತ್ರ ಎದ್ದು ಶರ್ಟ್ ಇದ್ದಲ್ಲೇ ಇರತ್ತೆ.

ಇನ್ನು ಉಳಿದ ಅಳತೆ ಬರೆದಿಡ್ತೀನಿ, ಯಾರಿಗಾದ್ರೂ ಬೇಕಾದೀತು. ಭುಜದ ಹೊಲಿಗೆ ಸರಿಯಾಗಿ ಭುಜದ ಮೂಳೆ ಮೇಲೆ ಮುಗೀಬೇಕು, ಅರ್ಧ ಇಂಚೂ ಕೆಳಗೆ ಬೇಡ. ಕಾಲರ್ ಗುಂಡಿ ಹಾಕಿದ್ಮೇಲೆ ಎರಡು ಬೆರಳು ಹೋಗ್ಬೇಕು. ನನ್ನ ಎದೆ 38, ಹೊಲಿದ ಶರ್ಟಿನ ಸುತ್ತಳತೆ 42, ಅಂದ್ರೆ 4 ಇಂಚು ಸಡಿಲ. ಕಾಲರ್ ಒಳಗಿನ ಫ್ಯೂಸಿಂಗ್ (ಬಟ್ಟೆ ಗಟ್ಟಿಯಾಗಿ ನಿಲ್ಲೋಕೆ ಒಳಗೆ ಅಂಟಿಸೋ ಪದರ) ಬಗ್ಗೆ ಮಾತ್ರ ಜಿಪುಣತನ ಬೇಡ, ಕಮ್ಮಿ ದರದ್ದು ಹಾಕಿದ್ರೆ ಹತ್ತು ಒಗೆತಕ್ಕೆ ಕಾಲರ್ ಮೇಲೆ ಗುಳ್ಳೆ ಏಳತ್ತೆ, ಆಮೇಲೆ ಎಷ್ಟು ಇಸ್ತ್ರಿ ಮಾಡಿದ್ರೂ ಹೋಗಲ್ಲ. ಪಕ್ಕದ ಹೊಲಿಗೆ ಒಳಗೆ ಒಂದು ಇಂಚು ಮಾರ್ಜಿನ್ ಬಿಡೋಕೆ ಹೇಳಿ, ತೂಕ ವಾಪಸ್ ಬಂದ್ರೆ ಬೇಕಾಗತ್ತೆ (ಬರದೇ ಇರ್ಲಿ).

ಪ್ಯಾಂಟ್

ಶರ್ಟಿಗಿಂತ ಕಷ್ಟ ಇದು. ಹತ್ತು ವರ್ಷದಿಂದ ಅಂಗಡಿಯವರು ಸ್ಲಿಮ್ ಫಿಟ್, ಲೋ ವೇಸ್ಟ್ ಅಂತ ಮಾರಿ ಮಾರಿ ಗಂಡಸರಿಗೆ ಸೊಂಟ ಎಲ್ಲಿದೆ ಅನ್ನೋದೇ ಮರೆತು ಹೋಗಿದೆ, ಹೊಟ್ಟೆ ಕೆಳಗೆ ಬೆಲ್ಟ್ ಕಟ್ಟಿ ಹೊಟ್ಟೆನ ಮುಂದೆ ನೇತು ಹಾಕ್ಕೊಂಡು ಓಡಾಡ್ತೀವಿ. ಪ್ಯಾಂಟನ್ನ ಹೊಕ್ಕಳಿಂದ ಎರಡು ಇಂಚು ಕೆಳಗೆ ಕೂರೋ ಹಾಗೆ ಹೊಲಿಸಿ ನೋಡಿ, ಕಾಲು ಉದ್ದ ಕಾಣತ್ತೆ, ಹೊಟ್ಟೆ ಒಳಗೇ ಇರತ್ತೆ, ಕೂತಾಗ ಹಿಂದೆ ಶರ್ಟ್ ಆಚೆ ಬರಲ್ಲ. ಒಂದೊಂದೇ ಪ್ಲೀಟ್ (ಮುಂದೆ ಸೊಂಟದ ಹತ್ರ ನೆರಿಗೆ) ಹಾಕಿಸಿದೆ, ನಮ್ಮಪ್ಪನ ಕಾಲದ ಪ್ಯಾಂಟ್ ಅಂತ ಮಗಳು ನಕ್ಕಳು, ಆದ್ರೆ ಪ್ಲೀಟ್ ಇದ್ರೆ ಕೂತಾಗ ತೊಡೆ ಹತ್ರ ಬಟ್ಟೆ ಬಿಚ್ಚಿಕೊಳ್ಳತ್ತೆ, ದಿನವಿಡೀ ಕುರ್ಚಿ ಮೇಲೆ ಕೂರೋನಿಗೆ ಇದಕ್ಕಿಂತ ಇನ್ನೇನು ಬೇಕು. ಬಾಟಮ್ ಸುತ್ತಳತೆ 15 ಇಂಚು. ಉದ್ದ ಎಷ್ಟಿರ್ಬೇಕು ಅಂದ್ರೆ ಶೂ ಹಾಕ್ಕೊಂಡು ನಿಂತಾಗ ಮುಂದೆ ಒಂದೇ ಒಂದು ಸಣ್ಣ ಮಡಿಕೆ. ಅಳತೆ ಕೊಡೋಕೆ ಹೋಗುವಾಗ ಅದೇ ಶೂ ಹಾಕ್ಕೊಂಡೇ ಹೋಗ್ಬೇಕು, ಹವಾಯಿ ಚಪ್ಪಲಿಯಲ್ಲಿ ಹೋಗಿ ಅಳತೆ ಕೊಟ್ರೆ ಆಮೇಲೆ ಮಾಸ್ಟ್ರನ್ನ ಬಯ್ಯೋ ಹಾಗಿಲ್ಲ.

ಹಿಂದೆ ನಡುಹೊಲಿಗೆಯಲ್ಲಿ ಒಂದೂವರೆ ಇಂಚು ಮಾರ್ಜಿನ್. ಲೈಕ್ರಾ (ಎಳೆದ್ರೆ ಹಿಗ್ಗೋ ನೂಲು) ಇರೋ ಬಟ್ಟೆ ಒಂದೂ ತಗೊಂಡಿಲ್ಲ. ಮೊದಲು ಆರಾಮ ಅನ್ಸತ್ತೆ, ಆಮೇಲೆ ಮಂಡಿ ಹತ್ರ ಉಬ್ಬಿ ಹಾಗೇ ನಿಲ್ಲತ್ತೆ, ಬಿಸಿ ಇಸ್ತ್ರಿ ತಾಗಿದಷ್ಟೂ ಅದ್ರ ಎಳೆತ ಸಾಯತ್ತೆ.

ಶ್ರಾವಣ: ಚಿಕ್ಕಪೇಟೆ

ಪೇಪರ್ ಕಟಿಂಗ್ ಗಟ್ಟಿ ಆದ್ಮೇಲೇ ಒಳ್ಳೆ ಬಟ್ಟೆಗೆ ದುಡ್ಡು. ಮೆಟ್ರೋ ಗ್ರೀನ್ ಲೈನಲ್ಲಿ ಚಿಕ್ಕಪೇಟೆ ಸ್ಟೇಷನ್ನಲ್ಲೇ ಇಳಿಯಬಹುದು, ಕಾರ್ ತಗೊಂಡು ಹೋಗೋ ಸಾಹಸ ಬೇಡ. ಭಾನುವಾರನೂ ಬೇಡ, ಹೋಲ್‌ಸೇಲ್‌ನೋರು ತುಂಬಾ ಜನ ಬಾಗಿಲು ಹಾಕಿರ್ತಾರೆ.

ಅಲ್ಲಿ ಮೊದಲು ಕೇಳ್ಬೇಕಾಗಿರೋದು ರೇಟಲ್ಲ, ಪನ್ನ, ಅಂದ್ರೆ ಬಟ್ಟೆಯ ಅಗಲ. 58 ಇಂಚು ಪನ್ನದ ಬಟ್ಟೆ ಆದ್ರೆ ಫುಲ್ ತೋಳಿನ ಶರ್ಟಿಗೆ 1.6 ಮೀಟರ್ ಸಾಕು, 36 ಇಂಚು ಪನ್ನ ಆದ್ರೆ ಎರಡೂಕಾಲಿಂದ ಎರಡೂವರೆ ಮೀಟರ್ ಬೇಕು. ಹಾಗಾಗಿ ಮೀಟರಿಗೆ ಕಮ್ಮಿ ಅಂತ ಕಾಣೋ ಬಟ್ಟೆ ಕೊನೆಗೆ ಶರ್ಟ್ ಲೆಕ್ಕದಲ್ಲಿ ಜಾಸ್ತಿನೇ ಬೀಳಬಹುದು. ಪ್ಯಾಂಟಿಗೆ 58 ಪನ್ನದಲ್ಲಿ 1.2ರಿಂದ 1.3 ಮೀಟರ್. ದೊಡ್ಡ ಚೆಕ್ಸ್ ಆದ್ರೆ ಸ್ವಲ್ಪ ಜಾಸ್ತಿ ತಗೊಳಿ, ಜೇಬು, ಪಕ್ಕದ ಹೊಲಿಗೆ ಎಲ್ಲ ಗೆರೆಗೆ ಗೆರೆ ಕೂರಿಸ್ಬೇಕಲ್ಲ.

ಎರಡನೇದು ಕೌಂಟ್. 40, 60, 80, 100 ಅಂತ ಹೇಳ್ತಾರೆ, ಅದು ನೂಲಿನ ನಂಬರು, ಒಂದು ಪೌಂಡ್ ತೂಕದ ಹತ್ತಿ ನೂಲಲ್ಲಿ 840 ಗಜದ ಲಡಿ (ನೂಲಿನ ಸುರುಳಿ) ಎಷ್ಟು ಬರತ್ತೆ ಅನ್ನೋ ಲೆಕ್ಕ, ನಂಬರ್ ಏರಿದ ಹಾಗೆ ನೂಲು ಸಣ್ಣ, ಬಟ್ಟೆ ನಯ. ನಯ ಅಂದ ತಕ್ಷಣ ಗಟ್ಟಿ ಅಂತಲ್ಲ. ದಿನಾ ಹಾಕೋ ಶರ್ಟಿಗೆ 50, 60ರ ಆಸುಪಾಸೇ ನನಗೆ ಹಿಡಿಸಿದ್ದು, 100 ಮೇಲಿಂದು ಮುಟ್ಟೋಕೆ ಬೆಣ್ಣೆ, ಆದ್ರೆ ಬಿಳಿ ಆದ್ರೆ ಒಳಗಿನ ಬನಿಯನ್ ಪೂರ್ತಿ ಕಾಣತ್ತೆ. ಲಿನನ್‌ಗೆ ಲೀ ಅಂತ ಬೇರೆ ಲೆಕ್ಕ, 40 ಲೀಗಿಂತ 60 ಲೀ ಸಣ್ಣ. ಲಿನನ್ ಒಂದೇ ಒಂದು ತಗೊಂಡೆ, ತಿಳಿ ಹಸಿರು, ಸುಕ್ಕಾಗತ್ತೆ ಅಂತ ಗೊತ್ತಿದ್ದೇ ತಗೊಂಡೆ, ಸುಕ್ಕೇ ಅದ್ರ ಚೆಂದ ಅಂತ ಒಪ್ಪೋಕಾಗಲ್ಲ ಅನ್ನೋರು ಆ ಕಡೆ ಹೋಗ್ಲೇಬೇಡಿ.

ಟ್ಯೂಬ್‌ಲೈಟ್ ಕೆಳಗೆ ಬಣ್ಣ ನಂಬಬೇಡಿ. ಥಾನ್ ಬಿಚ್ಚಿಸಿ ಬಾಗಿಲ ಹತ್ರ ತಂದು ಹಗಲು ಬೆಳಕಲ್ಲಿ ನೋಡಿ, ಒಳಗೆ ನೇವಿ ಬ್ಲೂ ಅಂತ ಕಂಡಿದ್ದು ಆಚೆ ಬಂದ್ರೆ ನೇರಳೆ ಆಗಿರತ್ತೆ. ಪ್ಯೂರ್ ಕಾಟನ್ ಅಂದ್ರೆ ಅಂಚಿನ ಎರಡು ಎಳೆ ಕೇಳಿ ತಗೊಂಡು ಆಚೆ ಬಂದು ಬೆಂಕಿಕಡ್ಡಿ ಗೀರಿ: ಹತ್ತಿ ಕಾಗದದ ವಾಸನೆ ಬಂದು ಬೂದಿ ಆಗತ್ತೆ, ಪಾಲಿಸ್ಟರ್ ಕರಗಿ ಗಟ್ಟಿ ಕರಿಮಣಿ ಆಗತ್ತೆ, ಉಣ್ಣೆ ಕೂದಲು ಸುಟ್ಟ ವಾಸನೆ. ಮಿಕ್ಸ್ ಇದ್ರೆ ಬೂದಿ ಒಳಗೆ ಗಂಟು ಸಿಗತ್ತೆ. ಅಂಗಡಿಯವರು ಮುಖ ಸಿಂಡರಿಸಿದ್ರೆ ಸಿಂಡರಿಸ್ಲಿ.

ಬಣ್ಣದ ವಿಷಯ ಬಂದಾಗ ಸೇಲ್ಸ್‌ನವರು ನನ್ನಂಥ ಕಪ್ಪು ಬಣ್ಣದವರಿಗೆ ಯಾವಾಗ್ಲೂ ತಿಳಿ ಬಣ್ಣನೇ ತೆಗೆದು ಹಾಕ್ತಾರೆ, "ನಿಮಗೆ ಇದು ಲೈಟಾಗಿ ಎತ್ತಿ ತೋರ್ಸತ್ತೆ ಸಾರ್" ಅಂತ. ಶುದ್ಧ ಬೊಗಳೆ. ಗಾಢ ಮರೂನ್, ಬಾಟಲ್ ಗ್ರೀನ್, ಸಾಸಿವೆ ಬಣ್ಣ ನಮ್ಮ ಮೈ ಮೇಲೆ ಬರೋ ಹಾಗೆ ಯಾರ ಮೇಲೂ ಬರಲ್ಲ, ಬೆಪ್ಪಾಗಿ ಕಾಣೋದು ಪೇಲವ ಪೀಚ್, ಪೇಲವ ಬೂದಿ. ಕೊನೆಗೆ ತಂದಿದ್ದು ಬಿಳಿ ಆಕ್ಸ್‌ಫರ್ಡ್, ತಿಳಿ ನೀಲಿ ಟ್ವಿಲ್, ಮರೂನ್ ಸಣ್ಣ ಗೆರೆ, ಶಾಂಬ್ರೆ, ಆ ಲಿನನ್ (ಆಕ್ಸ್‌ಫರ್ಡ್, ಟ್ವಿಲ್, ಶಾಂಬ್ರೆ ಅಂದ್ರೆ ಹತ್ತಿ ನೇಯ್ಗೆಯ ಬಗೆಗಳು). ಪ್ಯಾಂಟಿಗೆ ನೇವಿ, ಕಡುಬೂದಿ, ಖಾಕಿ, ಆಲಿವ್. ಯಾವ ಶರ್ಟನ್ನ ಯಾವ ಪ್ಯಾಂಟಿಗೆ ಹಾಕಿದ್ರೂ ನಡೆಯತ್ತೆ, ಬೆಳಿಗ್ಗೆ ಯೋಚನೆ ಮಾಡೋ ಕೆಲಸ ಇಲ್ಲ.

ಹತ್ತಿ, ಲಿನನ್ ಯಾವುದೇ ಆಗ್ಲಿ ಹೊಲಿಯೋಕೆ ಕೊಡೋ ಮುಂಚೆ ರಾತ್ರಿ ತಣ್ಣೀರಲ್ಲಿ ನೆನೆಸಿ, ಹಿಂಡದೇ ನೆರಳಲ್ಲಿ ಒಣಗಿಸಿ, ಸ್ವಲ್ಪ ಒದ್ದೆ ಇರುವಾಗಲೇ ಇಸ್ತ್ರಿ ಹಾಕಿ ಕೊಟ್ಟೆ. ನೂರಕ್ಕೆ ಮೂರರಿಂದ ಐದು ಭಾಗ ಕುಗ್ಗೋದು ಮಾಮೂಲಿ, ಶರ್ಟ್ ಉದ್ದ 29 ಇಂಚು ಅಂದ್ರೆ ಒಂದು ಇಂಚು ಹೋಯ್ತು ಅಂತ ಲೆಕ್ಕ, ಅದು ಹೊಲಿಯೋ ಮುಂಚೆ ಹೋಗ್ಲಿ, ಆಮೇಲೆ ಬೇಡ. ಬಾಲ್ಕನಿ ತುಂಬ ಬಟ್ಟೆ ನೇತಾಡ್ತಿದ್ದಾಗ ಪಕ್ಕದ ಮನೆ ಆಂಟಿ "ಮನೇಲಿ ಏನಾದ್ರೂ ಫಂಕ್ಷನ್ನಾ?" ಅಂತ ಕೇಳಿದ್ರು.

ಗೌರಿ ಗಣೇಶ: ಪಂಚೆ

ಬೇಗ ಮುಗಿಸ್ತೀನಿ. ವೆಲ್ಕ್ರೋ ಪಂಚೆ ಬೇಡ, ಕಟ್ಟೋಕೆ ಕಲೀರಿ. ಮೇಲುಕೋಟೆ ಕೈಮಗ್ಗದ ಪಂಚೆ ಒಂದು, ದಿನಬಳಕೆಗೆ ಸಾದಾ ಬಿಳಿ ಒಂದು. ಅಂಚು ಎರಡು ಬೆರಳಿಗಿಂತ ಅಗಲ ಇದ್ರೆ ಶರ್ಟ್ ಪ್ಲೇನ್ ಇರ್ಲಿ. ಆ ಮರೂನ್ ಶರ್ಟ್ ಪಂಚೆ ಮೇಲೆ ಪ್ಯಾಂಟಿಗಿಂತ ಚೆನ್ನಾಗಿ ಕೂತ್ಕೊಳ್ತು.

ಅಕ್ಟೋಬರ್ 2 ಆದ್ಮೇಲೆ: ಖಾದಿ, ಕೈಮಗ್ಗ

ಗಾಂಧಿ ಜಯಂತಿ ಬಂದ್ರೆ ಖಾದಿ ಭಂಡಾರಗಳಲ್ಲಿ ರಿಯಾಯ್ತಿ ಶುರು ಆಗತ್ತೆ, ಅದಕ್ಕೇ ಇದನ್ನ ಅಲ್ಲೀವರೆಗೂ ಮುಂದೂಡಿದ್ದೆ. ಖಾದಿ ನಮ್ಮಲ್ಲಿ ರಾಜಕಾರಣಿ ಬಟ್ಟೆ ಅಂತ ಹಣೆಪಟ್ಟಿ ಬಿದ್ದಿದೆ, ಅದ್ರ ತಪ್ಪು ಬಟ್ಟೆದಲ್ಲ, ದೊಗಲೆ ಹೊಲಿಗೆದು. ಅದೇ ಪೇಪರ್ ಮೇಲೆ ಕತ್ತರಿಸಿ, ಕಾಲರ್ ಬದಲು ಪಟ್ಟಿ ಇಟ್ಟು ಹೊಲಿಸಿದ ಖಾದಿ ಶರ್ಟ್ ನೋಡಿ ಆಫೀಸಲ್ಲಿ ಯಾವ ಬ್ರ್ಯಾಂಡ್ ಅಂತ ಕೇಳಿದ್ರು. ಬ್ರ್ಯಾಂಡ್ ಅಂದ್ರೆ ಹುಬ್ಬಳ್ಳಿ ಬೆಂಗೇರಿ ಅಂತ ಹೇಳ್ಬಹುದಿತ್ತು. ಅಲ್ಲಿರೋ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರದ್ದು, ದೇಶದ ಬಾವುಟ ಅಳತೆ ತಪ್ಪದ ಹಾಗೆ ಅಲ್ಲಿ ತಯಾರಾಗತ್ತೆ. ಎಳೆಗೆ ಎಳೆ ಲೆಕ್ಕ ಇಡೋ ಆ ಜನ ಇರೋ ರಾಜ್ಯದಲ್ಲಿ ಖಾದಿ ಅಂದ್ರೆ ಗೋಣಿಚೀಲ ಅಂತ ಮೂಗು ಮುರಿಯೋದು ನನಗಂತೂ ಅರ್ಥ ಆಗಲ್ಲ. ಹೊಲಿಸುವಾಗ ಗಮನ ಇರ್ಲಿ, ಖಾದಿ ಪನ್ನ ಕಿರಿದು, 36 ಇಲ್ಲಾ 45ರ ಒಳಗೆ, ಮತ್ತೆ ಕುಗ್ಗೋದೂ ಮಿಲ್ ಬಟ್ಟೆಗಿಂತ ಜಾಸ್ತಿ, ನಾನು ಎರಡು ಸಲ ನೆನೆಸಿದೆ.

ಇನ್ನೊಂದು ಹೆಗ್ಗೋಡಿನ ಚರಕದ್ದು. ರಂಗಕರ್ಮಿ ಪ್ರಸನ್ನ ಅವರು 1996ರಲ್ಲಿ ಶುರು ಮಾಡಿದ ಹೆಣ್ಣುಮಕ್ಕಳ ಸಹಕಾರಿ ಸಂಘ ಅದು, ಸಾಗರ ತಾಲೂಕಲ್ಲಿ, ಬಟ್ಟೆ ದೇಸಿ ಅಂಗಡಿಗಳಲ್ಲಿ ಸಿಗತ್ತೆ. ಅಡಿಕೆ ಚೊಗರಿನ ಬಣ್ಣದ್ದು ತಗೊಂಡೆ. ಆ ಕೆಂಪುಗಂದು ಇದ್ಯಲ್ಲ, ಅದನ್ನ ಮಿಲ್ ಬಟ್ಟೆಯಲ್ಲಿ ಹುಡುಕಿ ಸಾಕಾಗಿದ್ದೆ, ಮಲೆನಾಡಿನ ಅಡಿಕೆ ಬೇಯಿಸಿದ ನೀರಲ್ಲೇ ಇತ್ತು ನೋಡಿ. ಗಿಡದ ಬಣ್ಣ ಆಗಿದ್ರಿಂದ ಮೊದಮೊದಲು ಬೇರೆಯಾಗೇ ಒಗೀಬೇಕು, ಅಂಟುವಾಳ ಸಾಕು, ಬ್ಲೀಚ್ ಇರೋ ಪೌಡರ್ ಹತ್ರ ಸುಳೀಬಾರದು, ಬಿಸಿಲಿಗೆ ಒಣಗಿಸಿದ್ರೆ ಭುಜದ ಮೇಲೆ ಬಿಳಿಚಿಕೊಳ್ಳತ್ತೆ.

ಕಾಲಿಗೆ

ಇಡೀ ಬಜೆಟ್ಟಲ್ಲಿ ಜಾಸ್ತಿ ದುಡ್ಡು ಇಲ್ಲೇ ಹೋಗಿದ್ದು, ಹೋಗ್ಲೇಬೇಕು. ಕಂದು ಡರ್ಬಿ (ಲೇಸ್ ಕಟ್ಟೋ ಶೂ) ಒಂದು ಜೊತೆ, ಗುಡ್‌ಇಯರ್ ವೆಲ್ಟ್ ಹೊಲಿಗೆ ಇರೋದು, ಅಂದ್ರೆ ಶೂ ಅಟ್ಟೆನ (ಸೋಲು) ಸುತ್ತಲಿನ ಒಂದು ಪಟ್ಟಿಗೆ ಹೊಲಿದಿರ್ತಾರೆ. ಸೋಲನ್ನ ಗಮ್ಮಲ್ಲಿ ಅಂಟಿಸಿದ ಶೂ ಸೋಲು ಸವೆದ್ರೆ ಸಾಮಾನ್ಯವಾಗಿ ಕಸಕ್ಕೇ, ವೆಲ್ಟ್ ಇದ್ರೆ ಹೊಲಿಗೆ ಬಿಚ್ಚಿ ಹೊಸ ಸೋಲು ಕೂರಿಸಬಹುದು. ಶೂ ಸಂಜೆ ಹೊತ್ತು ಟ್ರೈ ಮಾಡಿ ತಗೊಳಿ, ದಿನ ಮುಗಿಯೋ ಹೊತ್ತಿಗೆ ಕಾಲು ಸ್ವಲ್ಪ ಊದಿರತ್ತೆ, ಶುಗರ್ ಇರೋರು ಬಿಗಿ ಶೂ ಹಾಕ್ಲೇಬಾರದು, ಬೊಬ್ಬೆ ಎದ್ರೆ ಬೇಗ ಮಾಗಲ್ಲ. ಇನ್ನೊಂದು ಜೊತೆ ಪ್ಲೇನ್ ಬಿಳಿ ಸ್ನೀಕರ್.

ಚಪ್ಪಲಿ ಅಥಣಿ ಕಡೇದು. ಕೊಲ್ಲಾಪುರಿ ಅಂತ ಹೆಸರಿದ್ರೂ ಅದ್ರ ಜಿಐ ಟ್ಯಾಗ್ (ಇಂಥ ಊರಿನ ವಸ್ತು ಅನ್ನೋ ಸರ್ಕಾರಿ ಗುರುತು) ಎಂಟು ಜಿಲ್ಲೆಗೆ ಸೇರಿದ್ದು, ಮಹಾರಾಷ್ಟ್ರದ್ದು ನಾಲ್ಕು, ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ನಾಲ್ಕು. 2025ರ ಜೂನಲ್ಲಿ ಮಿಲಾನ್ ಶೋದಲ್ಲಿ ಇಟಲಿಯ ಫ್ಯಾಷನ್ ಕಂಪನಿ ಪ್ರಾಡಾ ಇದೇ ಥರದ್ದು ತೋರಿಸಿ, ಗಲಾಟೆ ಆದ್ಮೇಲೆ ಇದು ಭಾರತದ ಕುಶಲಕರ್ಮಿಗಳಿಂದ ಬಂದಿದ್ದು ಅಂತ ಒಪ್ಕೊಂಡ್ರಲ್ಲ, ಅದೇ ಚಪ್ಪಲಿ. ಗಿಡದ ತೊಗಟೆಯಲ್ಲಿ ಹದ ಮಾಡಿದ ಚರ್ಮ ಆದ್ರಿಂದ ಮೊದಲು ಕಚ್ಚತ್ತೆ, ಪಟ್ಟಿಗೆ ಒಳಗಡೆ ಕೊಬ್ಬರಿ ಎಣ್ಣೆ ಸವರಿ ಮನೆಯೊಳಗೆ ಸ್ವಲ್ಪ ಸ್ವಲ್ಪ ಹಾಕ್ಕೊಂಡು ಓಡಾಡಿ ಹದ ಮಾಡ್ಕೊಂಡೆ. ಮಳೇಲಿ ಮಾತ್ರ ಬೇಡ.

ಕಾರ್ತಿಕ: ಕೋಟು

ಕೋಟನ್ನ ಏರಿಯಾ ಟೈಲರ್ ಹತ್ರ ಹೊಲಿಸೋ ಧೈರ್ಯ ಮಾಡಲಿಲ್ಲ, ಮಾಸ್ಟ್ರೇ "ಕೋಟು ನಮ್ಮದಲ್ಲ ಸಾರ್" ಅಂದ್ರು, ಆ ಮಾತಿಗೇ ಅವರ ಮೇಲೆ ಗೌರವ ಜಾಸ್ತಿ ಆಯ್ತು. ರೆಡಿಮೇಡ್ ತಗೊಳ್ಳುವಾಗ ನೋಡ್ಬೇಕಾಗಿರೋದು ಭುಜ ಒಂದೇ, ಸೊಂಟ ತಗ್ಗಿಸಬಹುದು, ತೋಳು ಗಿಡ್ಡ ಮಾಡಬಹುದು, ಭುಜ ಬಿಚ್ಚೋಕೆ ಹೋದ್ರೆ ಕೋಟಿನ ಬೆಲೆಯಷ್ಟೇ ಕೂಲಿ. ಹಾಕ್ಕೊಂಡು ಗೋಡೆಗೆ ಪಕ್ಕಕ್ಕೆ ಒರಗಿ, ನಿಮ್ಮ ತೋಳಿಗಿಂತ ಮುಂಚೆ ಭುಜದ ಪ್ಯಾಡ್ ಗೋಡೆಗೆ ತಾಗಿ ಮಡಚಿಕೊಂಡ್ರೆ ಕೋಟು ದೊಡ್ಡದು. ಕತ್ತಿನ ಹಿಂದೆ ಕೋಟಿನ ಕಾಲರ್ ಶರ್ಟ್ ಕಾಲರಿಗೆ ಅಂಟಿಕೊಂಡಿರ್ಬೇಕು, ಮಧ್ಯೆ ಸಂದಿ ಬಿಟ್ರೆ ಆ ಸೈಜು ವಾಪಸ್ ಇಡಿ. ಎದೆ ಹತ್ರ ಗುಂಡಿಗಳ ಮಧ್ಯೆ ಬಟ್ಟೆನ ಎರಡು ಕಡೆಯಿಂದ ಚಿವುಟಿ ಎಳೆದು ನೋಡಿ, ಒಳಗೆ ಬೇರೆಯಾಗಿ ಜಾರೋ ಇನ್ನೊಂದು ಪದರ ಸಿಕ್ಕಿದ್ರೆ ಕ್ಯಾನ್ವಾಸ್ (ಅಂಟಿಸದೇ ಹೊಲಿದ ಒಳಪದರ) ಇದೆ, ಇಲ್ಲಾಂದ್ರೆ ಪೂರ್ತಿ ಫ್ಯೂಸಿಂಗ್. ತೋಳಿನ ತುದಿಯ ಕಾಜಾ ನಿಜವಾಗ್ಲೂ ಕತ್ತರಿಸಿದ್ದಾಗಿದ್ರೆ ತೋಳನ್ನ ಕೆಳಗಿಂದ ಗಿಡ್ಡ ಮಾಡೋಕಾಗಲ್ಲ, ಅದನ್ನೂ ನೋಡ್ಕೊಳಿ. ಬೆಂಗಳೂರಿನ ಹವಾಕ್ಕೆ ಅರ್ಧ ಲೈನಿಂಗ್ ಸಾಕು. ನಾನು ತಗೊಂಡಿದ್ದು ನೇವಿ ಬ್ಲೇಜರ್, ಭುಜ ಪಕ್ಕಾ, ತೋಳು ಮುಕ್ಕಾಲು ಇಂಚು ಉದ್ದ.

ಮತ್ತೆ ದಯವಿಟ್ಟು, ಕೋಟಿನ ಹಿಂದೆ ಸೀಳಿರೋ ಕಡೆ ಗುಣಾಕಾರ ಚಿಹ್ನೆ ಥರ ದಾರ ಹಾಕಿರ್ತಾರಲ್ಲ, ತೋಳಿನ ಮೇಲೆ ಬ್ರ್ಯಾಂಡ್ ಲೇಬಲ್ ಇರತ್ತಲ್ಲ, ಎರಡನ್ನೂ ಬಿಚ್ಚಿ ಹಾಕಿ. ಕಲ್ಯಾಣ ಮಂಟಪದಲ್ಲಿ ಐವತ್ತು ಸಾವಿರದ ಸೂಟ್ ಹಾಕಿ ಆ ದಾರ ಹಾಗೇ ಬಿಟ್ಕೊಂಡು ಊಟದ ಸಾಲಲ್ಲಿ ನಿಂತಿರೋರನ್ನ ನೋಡಿದ್ರೆ ಕತ್ತರಿ ಹಿಡ್ಕೊಂಡು ಹೋಗೋಣ ಅನ್ಸತ್ತೆ. ಕೆಳಗಿನ ಗುಂಡಿ ಹಾಕೋ ಹಾಗಿಲ್ಲ.

ಸದ್ಯದ ಸ್ಥಿತಿ: ಶರ್ಟು, ಪ್ಯಾಂಟು ಎಲ್ಲ ಬಂದಿದೆ, ಕಪಾಟು ಅರ್ಧ ಖಾಲಿ ಇದೆ, ಅದೇ ಇಷ್ಟ. ಪೇಪರ್ ಕಟಿಂಗ್ ಮಾಸ್ಟ್ರ ಹತ್ರ ಒಂದು, ನನ್ನ ಹತ್ರ ಒಂದು ಕಾಪಿ, ಅಂಗಡಿ ಮುಚ್ಚಿದ್ರೂ ತೊಂದ್ರೆ ಇಲ್ಲ. ಕೋಟಿನ ತೋಳು ಗಿಡ್ಡ ಮಾಡೋಕೆ ಬೇರೆ ಕಡೆ ಕೊಟ್ಟಿದೀನಿ, ಮದುವೆ ಸೀಸನ್ ಸಾರ್ ಅಂತ ದಿನಾ ಮುಂದಕ್ಕೆ ಹಾಕ್ತಿದಾರೆ, ಮುಂದಿನ ಭಾನುವಾರ ಭಾಮೈದನ ರಿಸೆಪ್ಷನ್ನು, ಸಿಗದಿದ್ರೆ ಮರೂನ್ ಶರ್ಟು, ಮೇಲುಕೋಟೆ ಪಂಚೆ.